12 ವಾರದ ಫೋನ್ ಕೋಚಿಂಗ್: ವ್ಯಾಯಾಮಕ್ಕೆ ಚೆನ್ನಾಗಿದೆ, ಊಟಕ್ಕೆ ಸಪ್ಪೆ

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಎಲ್ಲರೂ ವಾಕಿಂಗ್ ಮಾಡಿ, ತೂಕ ಇಳಿಸಿ ಅನ್ನುತ್ತಾರೆ. ಹೇಗೆ ಅಂತ ಯಾರೂ ಹೇಳುವುದಿಲ್ಲ. ಅದಕ್ಕೇ ಈ ಕೋಚಿಂಗ್‌ಗೆ ಸೇರಿದೆ. ವಾರಕ್ಕೊಂದು ಕರೆ.

ವಾರಕ್ಕೆ 150 ನಿಮಿಷ ವ್ಯಾಯಾಮ ಅನ್ನುವ ಗುರಿಯನ್ನು ಮೊದಲ ದಿನವೇ ತಲೆ ಮೇಲೆ ಹೇರಲಿಲ್ಲ. ಇವತ್ತು ಎಷ್ಟಾಗುತ್ತೆ ಅಂತ ಕೇಳಿದರು. ಹತ್ತು ನಿಮಿಷ ಅಂದೆ. ಸರಿ, ಅಲ್ಲಿಂದಲೇ ಶುರು.

ನಿಜವಾಗಿ ದುಡ್ಡಿಗೆ ಮೋಸವಿಲ್ಲ ಅನ್ನಿಸಿದ್ದು ಭಾರ ಎತ್ತುವ ಭಾಗ. ಆಪರೇಷನ್ ಆದ ಕಡೆಯ ಕೈ ಊದಿಕೊಳ್ಳುತ್ತೆ ಅನ್ನುವ ಭಯಕ್ಕೆ ನಾನು ಆ ಕೈಯಲ್ಲಿ ತುಂಬಿದ ನೀರಿನ ಬಾಟಲಿಯನ್ನೂ ಹಿಡಿಯುತ್ತಿರಲಿಲ್ಲ. ನಿಧಾನವಾಗಿ ಏರಿಸುತ್ತಾ ಹೋದರೆ ಅಂಥ ಅಪಾಯ ಜಾಸ್ತಿಯಾಗುವುದಿಲ್ಲ ಅಂತ ಬಿಡಿಸಿ ಹೇಳಿ, ಅರ್ಧ ಕೆಜಿಯಿಂದ ಶುರು ಮಾಡಿಸಿ, ಪ್ರತಿ ವಾರ ಟೇಪಿನಲ್ಲಿ ಮೊಣಕೈ ಮೇಲೆ, ಕೆಳಗೆ ಎರಡೂ ಕಡೆ ಸುತ್ತಳತೆ ಬರೆದಿಡಲು ಹೇಳಿದರು. ಒಂಬತ್ತನೇ ವಾರ ಮೇಲಿನ ಶೆಲ್ಫಿನ ಡಬ್ಬ ನಾನೇ ಇಳಿಸಿದೆ! ಹಾರ್ಮೋನ್ ಮಾತ್ರೆಯಿಂದ ಬೆಳಿಗ್ಗೆ ಕೀಲು ಹಿಡಿದುಕೊಳ್ಳುತ್ತಿದ್ದದ್ದೂ ಸ್ವಲ್ಪ ಸಡಿಲವಾಗಿದೆ.

ಊಟದ ವಿಷಯದಲ್ಲಿ ಮಾತ್ರ ನಿರಾಸೆ. ತರಕಾರಿ, ಕಾಳು ಜಾಸ್ತಿ ತಿನ್ನಿ, ಸಕ್ಕರೆ, ಮದ್ಯ ಕಡಿಮೆ ಮಾಡಿ. ಗೊತ್ತಿರುವುದೇ ಅಲ್ವಾ? ಸುಸ್ತಾದ ದಿನ ಅಡುಗೆಗೆ ನಿಲ್ಲಲೂ ಆಗದಿದ್ದರೆ ಏನು ಮಾಡಬೇಕು ಅಂತ ಎರಡು ಸಲ ಕೇಳಿದೆ, ಸುಮ್ನೆ ಅದೇ ಪಟ್ಟಿ ಮತ್ತೆ ಕಳಿಸಿದರು. ಮಧ್ಯದಲ್ಲಿ ಕೋಚ್ ಬೇರೆ ಬದಲಾದರು, ಹೊಸಬರಿಗೆ ಪೂರ್ತಿ ಕಥೆ ಮೊದಲಿಂದ ಹೇಳಬೇಕಾಯಿತು.

ಐದಕ್ಕೆ ಮೂರೂವರೆ ಕೊಡ್ತೀನಿ. ಕೈ ಈಗಾಗಲೇ ಊದಿಕೊಂಡಿದ್ದರೆ ಸೇರುವ ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿಕೊಳ್ಳಿ.