ಕೊಜುಮೆಲ್‌ನಲ್ಲಿ ಹಡಗು ನಿಂತಾಗ ಎಲ್ಲಿಗೆ ಹೋಗಬೇಕು?

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಕ್ರೂಸ್ ಹತ್ತುವ ನಮ್ಮ ತುಮಕೂರಿನವರಿಗೆ ಇದು. ಮೆಕ್ಸಿಕೋದ ಕೊಜುಮೆಲ್ ದ್ವೀಪದಲ್ಲಿ ನಾವು ಆರಿಸಿದ್ದು ಸ್ಯಾನ್ ಹೆರ್ವಾಸಿಯೋ, ಅಲ್ಲಿನ ಪ್ರಾಚೀನ ಮಾಯಾ ಜನರ ಪಾಳುಬಿದ್ದ ಊರು. ತುಂಬಾ ಇಷ್ಟವಾಯಿತು. ದೊಡ್ಡ ಪಿರಮಿಡ್ ಇಲ್ಲ, ಆದರೆ ಮಾಯಾ ಹೆಂಗಸರು ಮಕ್ಕಳಾಗಲಿ, ಹೆರಿಗೆ ಸುಸೂತ್ರವಾಗಲಿ ಅಂತ ಸಮುದ್ರ ದಾಟಿ ಬಂದು ಇಶ್ಚೆಲ್ ದೇವಿಗೆ ಹರಕೆ ಹೊರುತ್ತಿದ್ದ ಜಾಗದಲ್ಲಿ ನಿಂತಾಗ ಮನಸ್ಸು ತುಂಬಿ ಬಂತು. ಸೊಳ್ಳೆ ಜಾಸ್ತಿ, ಟೋಪಿ, ನೀರು ಇರಲಿ.

ಸಮುದ್ರದಂಚಿನ ಇನ್ನೊಂದು ಮಾಯಾ ಪಾಳು ನಗರ ತುಲುಮ್ ಬೇಡ. ಅದು ಆಚೆ ದಡದಲ್ಲಿದೆ, ಫೆರ್ರಿಗೇ ಮುಕ್ಕಾಲು ಗಂಟೆ, ಆಮೇಲೆ ಬಸ್ಸು, ಇರೋ ಸಮಯವೆಲ್ಲ ಸುಮ್ನೆ ದಾರಿಯಲ್ಲೇ ಹೋಗುತ್ತೆ ಅಲ್ವಾ? ಈಜು ಬಂದರೆ ಪಲಾಂಕಾರ್ ಹವಳದ ದಿಬ್ಬ ನೋಡಿ. ಅಲ್ಲಿನ ಊಟದಲ್ಲಿ ಬೇಯಿಸಿದ ಬೀನ್ಸ್ ಕಾಳಿಗೆ ಹಂದಿ ಕೊಬ್ಬು ಹಾಕಿರಬಹುದು, ಸಸ್ಯಾಹಾರಿಗಳು ಕೇಳಿ ತಿನ್ನಿ. ಹಡಗಿನವರ ಟೂರ್ ದುಬಾರಿ, ಆದರೆ ತಡವಾದರೆ ಹಡಗು ಕಾಯುತ್ತದೆ. ಹೊರಗಿನ ಟ್ಯಾಕ್ಸಿಯಲ್ಲಿ ಹೋದವರಿಗೆ ಕಾಯುವುದಿಲ್ಲ. ದ್ವೀಪದ ಸಮಯ ಬೇರೆ ಇರಬಹುದು, ವಾಚಿನಲ್ಲಿ ಹಡಗಿನ ಸಮಯವನ್ನೇ ಇಟ್ಟುಕೊಳ್ಳಿ.