ಒಂದು ಮೆಟ್ಟಿಲು ಎತ್ತರದ ಬೆಲೆ: ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್

ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನು ಸೋಲಿಸುವ ಸ್ಟ್ರಾಟಜಿ ಗೇಮ್ ಏಜ್ ಆಫ್ ಎಂಪೈರ್ಸ್ 2. 2019ರ ನವೆಂಬರ್‌ನಲ್ಲಿ ಬಂದ ಅದರ ಈ ಆವೃತ್ತಿಯ ಗ್ರಾಫಿಕ್ಸ್ ಹೊಗಳುವವರು ಬಹಳ. ಆದರೆ ಈ ಗೇಮಿನ ನಿಜವಾದ ಗಟ್ಟಿತನ ಇರುವುದು ಅದರ ನೆಲದಲ್ಲಿ. ನಿಯಮ ಸರಳ: ಮೇಲಿಂದ ಹೊಡೆದರೆ ಪೆಟ್ಟು ಶೇ 25 ಹೆಚ್ಚು, ತಗ್ಗಿನಿಂದ ಹೊಡೆದರೆ ಶೇ 25 ಕಡಿಮೆ.

ಇಷ್ಟೇನಾ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. ಅಪ್‌ಗ್ರೇಡ್ ಇಲ್ಲದ ಬಿಲ್ಲುಗಾರನ ಹೆಲ್ತ್ 30, ಬಾಣದ ಪೆಟ್ಟು 4. ಸಮನೆಲದಲ್ಲಿ ಎದುರಾಳಿ ಬಿಲ್ಲುಗಾರನನ್ನು ಉರುಳಿಸಲು ಎಂಟು ಬಾಣ ತಗಲಬೇಕು. ದಿಬ್ಬದ ಮೇಲಿನವನ ಪೆಟ್ಟು 5 ಆಗುತ್ತದೆ, ಕೆಳಗಿನವನದು 3ಕ್ಕೆ ಇಳಿಯುತ್ತದೆ. ಒಬ್ಬನಿಗೆ ಆರು ಬಾಣ ಸಾಕು, ಇನ್ನೊಬ್ಬನಿಗೆ ಹತ್ತು ಬೇಕು. ಸಂಖ್ಯೆಯಲ್ಲಿ ಸಮನಾದ ಎರಡು ಗುಂಪುಗಳ ಜಗಳ ಅಲ್ಲಿಗೇ ಮುಗಿದ ಹಾಗೆ. ಓಡುವವನನ್ನು ದಿಬ್ಬದ ಮೇಲಕ್ಕೆ ಬೆನ್ನಟ್ಟುವುದು ಹೊಸಬರು ಪದೇಪದೇ ಮಾಡುವ ತಪ್ಪು. ದಿಬ್ಬ ಹತ್ತದೆ ನಿಂತುಬಿಡಿ, ಅವನೇ ಇಳಿದು ಬರಲಿ.

ಮ್ಯಾಪ್‌ಗಳಲ್ಲಿ ಅರೇಬಿಯಾಕ್ಕೆ ಸಾಟಿ ಇಲ್ಲ. ಬಯಲು, ಚದುರಿದ ಕಾಡು, ಪ್ರತಿ ಆಟಕ್ಕೂ ಹೊಸ ವಿನ್ಯಾಸ. ಶುರುವಿನಲ್ಲಿ ನೆಲ ನೋಡಿಬರುವ ಸ್ಕೌಟ್ ಸುತ್ತು ಹಾಕುವಾಗಲೇ ಎರಡು ವಿಷಯ ನೋಡಿಕೊಳ್ಳಬೇಕು: ಚಿನ್ನದ ಗಣಿ ಎದುರಾಳಿಯ ಕಡೆಗಿದೆಯೇ, ಅದರ ಪಕ್ಕದಲ್ಲಿ ದಿಬ್ಬವಿದೆಯೇ. ಎರಡೂ ಹೌದಾದರೆ ಟವರ್ ಆ ದಿಬ್ಬದ ಮೇಲೇ ಏಳಬೇಕು. ಕಟ್ಟಡದಿಂದ ಹೊರಡುವ ಬಾಣಕ್ಕೂ ಇದೇ ನಿಯಮ. ಕಾಡನ್ನು ಗೋಡೆಯೆಂದು ನಂಬಿ ಬೇಲಿಯನ್ನು ಅದಕ್ಕೆ ಕೂಡಿಸುವವರು ಮರಗಳ ಸಾಲು ಎಷ್ಟು ದಪ್ಪ ಇದೆ ಎಂದು ಎಣಿಸಬೇಕು. ಒಂದು ಮರದಲ್ಲಿ ಇರುವುದು 100 ಕಟ್ಟಿಗೆ ಮಾತ್ರ. ತೆಳ್ಳಗಿನ ಸಾಲನ್ನು ನಮ್ಮ ಕೆಲಸಗಾರರಾದ ವಿಲೇಜರ್‌ಗಳೇ ಕಡಿದು ಮುಗಿಸುತ್ತಾರೆ, ಆ ಸಂದಿಯಲ್ಲೇ ಶತ್ರುವಿನ ಕುದುರೆಗಳು ನುಗ್ಗುತ್ತವೆ.

ಬ್ಲ್ಯಾಕ್ ಫಾರೆಸ್ಟ್ ಮ್ಯಾಪ್‌ನಲ್ಲಿ ದಾರಿಗಳು ಇಕ್ಕಟ್ಟು, ಗೋಡೆ ಕಟ್ಟಿ ಕೂತರೆ ಬಹಳ ಹೊತ್ತು ಯಾರೂ ಮುಟ್ಟುವುದಿಲ್ಲ. ಕೊನೆಗೆ ಸೀಜ್ ಒನೇಜರ್ ಎಂಬ ಯುದ್ಧಯಂತ್ರ ಕಲ್ಲೆಸೆದು ಕಾಡಿನಲ್ಲೇ ಹೊಸ ದಾರಿ ತೆರೆದಾಗ ಮಾತ್ರ ಆಟಕ್ಕೆ ಜೀವ ಬರುತ್ತದೆ. ಅರೀನಾದಲ್ಲಿ ಶುರುವಿನಿಂದಲೇ ಕಲ್ಲಿನ ಗೋಡೆ ಇರುವುದರಿಂದ ನೆಲ ಓದುವ ಅಭ್ಯಾಸ ಕೈಹತ್ತುವುದಿಲ್ಲ.

ಕೊರತೆಯೂ ಇದೆ, ಸಣ್ಣದಲ್ಲ. ಓರೆಯಾಗಿ ನೋಡುವ ಕ್ಯಾಮೆರಾದಲ್ಲಿ ಹುಲ್ಲಿನ ಇಳಿಜಾರು ಕಣ್ಣಿಗೆ ಬೀಳುವುದೇ ಇಲ್ಲ. ಹತ್ತಾಳೆತ್ತರದ ಗುಡ್ಡಕ್ಕೂ ಒಂದು ಮೆಟ್ಟಿಲಿನ ಏರಿಗೂ ಸಿಗುವ ಲಾಭ ಒಂದೇ, ಹಾಗಾಗಿ ಕಣ್ತಪ್ಪುವ ಏರಿನಲ್ಲೇ ಯುದ್ಧ ಸೋಲುತ್ತೇವೆ. ನೆಲದ ಮೇಲೆ ಚೌಕದ ಗೆರೆಗಳನ್ನು (ಗ್ರಿಡ್) ತೋರಿಸುವ ಮಾಡ್, ಅಂದರೆ ಆಟಗಾರರು ಮಾಡಿದ ಸೇರ್ಪಡೆ, ಹಾಕಿಕೊಂಡರೆ ಗೆರೆಗಳು ಬಾಗುವ ಕಡೆ ಏರು ಎಲ್ಲಿದೆ ಎಂದು ತಿಳಿಯುತ್ತದೆ. ಇಷ್ಟು ಮುಖ್ಯ ನಿಯಮವನ್ನು ತೋರಿಸುವ ಕೆಲಸ ಗೇಮ್ ಮಾಡಬೇಕಿತ್ತು, ಮಾಡ್ ಅಲ್ಲ. ಆದರೂ ನೆಲದ ಮೇಲಿನ ಯುದ್ಧ ಕಲಿಯಬೇಕೆನ್ನುವವರು ಧೈರ್ಯವಾಗಿ ಕೊಳ್ಳಬಹುದು: ಮೊದಲ ದಿನವೇ ಗ್ರಿಡ್ ಹಾಕಿ, ಅರೇಬಿಯಾದಲ್ಲಿ ಒಬ್ಬರಿಗೊಬ್ಬರು ಆಡಿ.