ಬಿಸಿಲ ದೇಶಕ್ಕೆ ಆರಡಿಯ ಕ್ರಿಸ್‌ಮಸ್ ಟ್ರೀ: ಹಿಮ ಬೇಡ, ಕೀಲು ನೋಡಿ

ಡಿಸೆಂಬರಿನಲ್ಲೂ ಫ್ಯಾನ್ ನಿಲ್ಲದ ಪರದೇಶದಲ್ಲಿ ಕ್ರಿಸ್‌ಮಸ್ ಟ್ರೀ ಕೊಳ್ಳಲು ಹೋದರೆ ಮೊದಲು ಕಣ್ಣು ಸೆಳೆಯುವುದು ಕೊಂಬೆಗೆಲ್ಲ ಬಿಳಿ ಹಿಮ ಮೆತ್ತಿದ ಮರ. ಅದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಆ ಹಿಮ ಸಾಮಾನ್ಯವಾಗಿ ಅಂಟಿನಲ್ಲಿ ಕೂರಿಸಿದ ಕಾಗದದ ನಾರಿನ ಪುಡಿ. ಸೆಕೆಗಾಲದ ತೇವ ಹೀರಿ ಉದುರುತ್ತದೆ, ಉಳಿದದ್ದು ಹಳದಿಗೆ ತಿರುಗುತ್ತದೆ. ನಮ್ಮ ಮತವೇನಿದ್ದರೂ ಹಿಮವಿಲ್ಲದ, ಮೂರು ತುಂಡಾಗಿ ಬಿಚ್ಚಿಡಬಹುದಾದ ಆರಡಿಯ ಕೃತಕ ಮರಕ್ಕೆ.

ಇದರ ಪ್ಲಾಸ್ಟಿಕ್ ಎಲೆಯಲ್ಲಿ ಎರಡು ಬಗೆ. ತೆಳು ಹಾಳೆ ಕತ್ತರಿಸಿ ತಂತಿಗೆ ಹುರಿಗೊಳಿಸಿದ್ದು ಪಿವಿಸಿ; ಅಚ್ಚಿನಲ್ಲಿ ತೆಗೆದದ್ದು ಪಿಇ, ಅಂದರೆ ಪಾಲಿಎಥಿಲೀನ್. ಪಿಇ ಎಲೆ ನೋಡಲು ನಿಜದ ಮರಕ್ಕೆ ಹತ್ತಿರ, ಬೆಲೆಯೂ ಹೆಚ್ಚು. ಹೊರಗೆ ಪಿಇ, ಕಾಂಡದ ಹತ್ತಿರ ಪಿವಿಸಿ ಇರುವ ಮಿಶ್ರ ಮರವೇ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು. ಪೆಟ್ಟಿಗೆಯ ಮೇಲೆ ಎಲೆತುದಿಗಳ ಸಂಖ್ಯೆ ಬರೆದಿರುತ್ತಾರೆ. ಆರಡಿಗೆ 800 ಇದ್ದರೆ ಸಾಕು, 500ರ ಕೆಳಗೆ ಹೋದರೆ ಎಷ್ಟು ಬಿಡಿಸಿದರೂ ನಡುವಿನ ಕಂಬ ಇಣುಕುತ್ತದೆ.

ಆದರೆ ಬಿಸಿಲೂರಿನಲ್ಲಿ ಮೊದಲು ಕೆಡುವುದು ಎಲೆಯಲ್ಲ, ಕಬ್ಬಿಣ. ಕೊಂಬೆ ಮಡಚುವ ಕೀಲಿನಲ್ಲಿ ಲೋಹಕ್ಕೆ ಲೋಹ ತಿಕ್ಕಿ ಬಣ್ಣ ಏಳುತ್ತದೆ, ತುಕ್ಕು ಅಲ್ಲಿಂದಲೇ ಶುರು. ಸಮುದ್ರದ ಗಾಳಿ ಬೀಸುವ ಮನೆಯಾದರೆ ಇನ್ನೂ ಬೇಗ. ಅಂಗಡಿಯಲ್ಲೇ ಎರಡು ಕೊಂಬೆ ಮಡಚಿ ಬಿಡಿಸಿ ನೋಡಿ: ಕೀಲು ಅಲ್ಲಾಡಬಾರದು, ಕೈಗೆ ಬಣ್ಣದ ಚಕ್ಕೆ ಹತ್ತಬಾರದು. ಸ್ಟ್ಯಾಂಡ್ ಪ್ಲಾಸ್ಟಿಕ್‌ನದಾದರೆ ಬೇಡ. ಉಕ್ಕಿನ ಕಾಲಿಗೂ ರಬ್ಬರ್ ಟೋಪಿ ಇರಲೇಬೇಕು, ಇಲ್ಲದಿದ್ದರೆ ಟೈಲ್ಸ್ ಮೇಲೆ ಮರ ಜಾರುತ್ತದೆ.

ಎತ್ತರ ಅಳೆಯುವಾಗ ಸೂರನ್ನಷ್ಟೇ ನೋಡಿ ಫ್ಯಾನ್ ಮರೆಯುವವರೇ ಹೆಚ್ಚು. ಎಂಟಡಿ ಸೂರಿನಿಂದ ಒಂದಡಿ ಕೆಳಗೆ ರೆಕ್ಕೆ ತಿರುಗುತ್ತಿದ್ದರೆ, ಆರಡಿ ಮರದ ಮೇಲೆ 25 ಸೆಂ.ಮೀ. ನಕ್ಷತ್ರ ಕೂತಾಗ ಉಳಿಯುವುದು ಐದಾರು ಸೆಂ.ಮೀ. ಮಾತ್ರ. ರೆಕ್ಕೆಯ ಸುತ್ತಿನಿಂದ ಒಂದು ಮೀಟರ್ ಆಚೆ ನಿಲ್ಲಿಸಿ. ಅಲಂಕಾರದ ಹಗುರ ಗೋಲಿಗಳನ್ನು ದಾರದ ಕುಣಿಕೆಯಲ್ಲಿ ತೂಗಿಬಿಡದೆ ತಂತಿಯಿಂದ ಸುತ್ತಿ ಕಟ್ಟಿ, ಗಾಳಿಗೆ ಬೀಳುವುದಿಲ್ಲ.

ಹೊಸ ಪಿವಿಸಿಗೆ ವಾಸನೆ ಇರುತ್ತದೆ. ಒಂದು ದಿನ ನೆರಳಿನಲ್ಲಿ ಗಾಳಿಗೆ ಬಿಡಿ, ಬಿಸಿಲಿಗಲ್ಲ. ಕೈಗವಸು ಹಾಕಿಕೊಂಡು ಕೆಳಗಿನ ತುಂಡು ಮೊದಲು ನಿಲ್ಲಿಸಿ, ಪ್ರತಿ ಕೊಂಬೆಯಲ್ಲೂ ಕಾಂಡದ ಕಡೆಯ ಕಡ್ಡಿಗಳಿಂದ ಹೊರಕ್ಕೆ ಬಿಡಿಸುತ್ತಾ ಬನ್ನಿ. ಪೂರ್ತಿ ಬಿಡಿಸಲು ಒಂದು ಗಂಟೆಯಾದರೂ ಹಿಡಿಯುತ್ತದೆ. ಪೆಟ್ಟಿಗೆಯ ಫೋಟೋದಲ್ಲಿರುವುದು ಅಷ್ಟು ತಾಳ್ಮೆಯಿಂದ ಬಿಡಿಸಿದ ಮರ. ಹತ್ತು ನಿಮಿಷದಲ್ಲಿ ಮುಗಿಸಿ ‘ಬಡಕಲು ಮರ’ ಎಂದು ಒಂದು ಸ್ಟಾರ್ ಕೊಡುವುದು ನ್ಯಾಯವಲ್ಲ.

ಸೀರಿಯಲ್ ಸೆಟ್ ಎಲ್‌ಇಡಿಯದೇ ಇರಲಿ. ಹಳೆಯ ಮಿಣುಕು ಬಲ್ಬು ಬಿಸಿಯಾಗುತ್ತದೆ, ಸೆಕೆಯ ಕೋಣೆಗೆ ಅದೊಂದು ಬೇರೆ ಕೇಡು. ಮರದ ಎತ್ತರದ ಪ್ರತಿ ಅಡಿಗೆ 100 ಬಲ್ಬು ಎಂಬುದು ಹಳೆಯ ಲೆಕ್ಕ. ಎಲ್‌ಇಡಿಯಲ್ಲಿ ಅದರ ಅರ್ಧವೂ ಕಣ್ಣಿಗೆ ತುಂಬುತ್ತದೆ. ಬೇರೆ ದೇಶದಿಂದ ತಂದ ಸೆಟ್ ಆದರೆ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ. 120 ವೋಲ್ಟ್ ಎಂದಷ್ಟೇ ಇದ್ದು ಗೋಡೆಯಲ್ಲಿ 230 ಬರುತ್ತಿದ್ದರೆ ಚುಚ್ಚಿದ ಕ್ಷಣ ಸುಟ್ಟುಹೋಗಬಹುದು. ಪಿನ್ ಬದಲಿಸುವ ಕನ್ವರ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ. ಬಾಲ್ಕನಿಗೆ ಕಟ್ಟುವುದಾದರೆ ನೀರು-ಧೂಳು ಎಷ್ಟು ತಡೆಯುತ್ತದೆಂದು ಹೇಳುವ ಐಪಿ ಗುರುತು ಕನಿಷ್ಠ ಐಪಿ44 ಇರಬೇಕು, ಐಪಿ20 ಮನೆಯೊಳಗೆ ಮಾತ್ರ. ಟೈಮರ್ ಇರುವ ಸೆಟ್‌ಗಳು ಹೆಚ್ಚಾಗಿ 6 ಗಂಟೆ ಉರಿದು 18 ಗಂಟೆ ಆರಿರುತ್ತವೆ. ಲೆಕ್ಕ ಶುರುವಾಗುವುದು ಗುಂಡಿ ಒತ್ತಿದ ಹೊತ್ತಿನಿಂದ. ದಕ್ಷಿಣ ಗೋಳಾರ್ಧದಲ್ಲಿ ಡಿಸೆಂಬರ್ ಎಂದರೆ ಉದ್ದ ಹಗಲು. ಸಂಜೆ ಆರಕ್ಕೆ ಒತ್ತಿದರೆ ಬೆಳಕಿನಲ್ಲೇ ಒಂದೆರಡು ಗಂಟೆ ವ್ಯರ್ಥ.

ಕಡಿದು ತಂದ ನಿಜವಾದ ಫರ್ ಮರ? ಪರಿಮಳಕ್ಕೆ ಸಾಟಿಯಿಲ್ಲ, ಚಾಕರಿಗೂ ಸಾಟಿಯಿಲ್ಲ. ತಂದ ಕೂಡಲೇ ಬುಡವನ್ನು ಒಂದೆರಡು ಸೆಂ.ಮೀ. ಕೊಯ್ದು ನೀರಿಗಿಡಬೇಕು, ಕೊಯ್ದ ಮೇಲೆ ಆರೆಂಟು ಗಂಟೆಗಿಂತ ತಡವಾದರೆ ನೀರು ಸರಿಯಾಗಿ ಏರುವುದಿಲ್ಲ. ಬುಡದ ದಪ್ಪ 10 ಸೆಂ.ಮೀ. ಇದ್ದರೆ ಸ್ಟ್ಯಾಂಡ್ ಸುಮಾರು ನಾಲ್ಕು ಲೀಟರ್ ಹಿಡಿಯಬೇಕು. ಎಸಿ ಗಾಳಿ ನೇರ ಬಡಿದರೆ ಹಬ್ಬಕ್ಕೆ ಮುಂಚೆಯೇ ಸೂಜಿಯೆಲೆ ನೆಲ ಸೇರುತ್ತದೆ. ಜೀವಂತ ಮರವೇ ಬೇಕೆನ್ನುವವರಿಗೆ ಕುಂಡದ ನಾರ್ಫೋಕ್ ಪೈನ್ ವಾಸಿ, ಸೆಕೆ ಅದಕ್ಕೆ ಒಗ್ಗುತ್ತದೆ. ಕೊಂಬೆ ಮೆತುವಾದ್ದರಿಂದ ಭಾರದ ಗಾಜಿನ ಗೋಲಿ ಮಾತ್ರ ತಡೆಯದು.

ಹಬ್ಬ ಮುಗಿದ ಮೇಲೆ ರಟ್ಟಿನ ಪೆಟ್ಟಿಗೆಗೆ ಮರಳಿಸಬೇಡಿ, ರಟ್ಟು ತೇವ ಹಿಡಿದು ಬೂಸ್ಟು ಬರಿಸುತ್ತದೆ. ಧೂಳು ಒರೆಸಿ, ಕೀಲಿಗೆ ಒಂದೊಂದು ಹನಿ ಮಷಿನ್ ಎಣ್ಣೆ ಸವರಿ, ಜಿಪ್ ಇರುವ ಪಾಲಿಯೆಸ್ಟರ್ ಚೀಲಕ್ಕೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿ. ತಾರಸಿಯ ಕೆಳಗಿನ ಅಟ್ಟಕ್ಕೆ ಏರಿಸಬೇಡಿ: ಅಲ್ಲಿನ ಕಾವಿಗೆ ಗೋಲಿಗಳ ಟೋಪಿ ಹಿಡಿದಿರುವ ಅಂಟು ಮೆತ್ತಗಾಗುತ್ತದೆ, ಮೇಣದ ಬೊಂಬೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಂಚದಡಿಯೇ ವಾಸಿ.